ವಾಯವ್ಯ ಯುರೋಪಿನ ಮಳೆ: ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಕಡೆಯವಳು. ಒಂಬತ್ತು ವರ್ಷದಿಂದ ಮ್ಯಾಂಚೆಸ್ಟರ್‌ನಲ್ಲಿದ್ದೇನೆ. ಪ್ರತಿ ಭಾನುವಾರ ಫೋನ್ ಮಾಡಿದಾಗ ಅಮ್ಮ ಕೇಳುವ ಮೊದಲ ಮಾತು, "ಮಳೆ ನಿಂತಿತಾ?" ಅಮ್ಮನ ಲೆಕ್ಕದಲ್ಲಿ ಮಳೆ ಅಂದರೆ ಒಂದು ದಿನ ಶುರುವಾಗಬೇಕು, ಹಿಡಿದುಕೊಂಡು ಹೊಡೆಯಬೇಕು, ಆಮೇಲೆ ಬಿಟ್ಟುಹೋಗಬೇಕು. ಇಲ್ಲಿನ ಮಳೆ ಆ ಲೆಕ್ಕಕ್ಕೆ ಸಿಗುವುದಿಲ್ಲ. ಓದಲು ಬರುವ ಹುಡುಗ ಹುಡುಗಿಯರು, ಕೆಲಸಕ್ಕೆ ಬರುವವರು, ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮಳೆ ನನಗೆ ತುಂಬ ಇಷ್ಟದ ವಿಷಯ. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ.

ವಾಯವ್ಯ ಯುರೋಪ್ ಅಂದರೆ ಯಾವ ಯಾವ ದೇಶ?

ಬ್ರಿಟನ್, ಐರ್ಲೆಂಡ್, ನೆದರ್ಲೆಂಡ್ಸ್, ಬೆಲ್ಜಿಯಂ, ಫ್ರಾನ್ಸಿನ ಉತ್ತರದ ಅಂಚು, ಜರ್ಮನಿಯ ವಾಯವ್ಯ ಭಾಗ, ಡೆನ್ಮಾರ್ಕ್, ನಾರ್ವೆಯ ಪಶ್ಚಿಮ ಕರಾವಳಿ. ಅಟ್ಲಾಂಟಿಕ್ ಸಮುದ್ರದ ಗಾಳಿ ಮೊದಲು ಬಂದು ತಾಗುವ ಜಾಗಗಳು ಇವು ಅಂತ ನೆನಪಿಟ್ಟುಕೊಂಡರೆ ಸಾಕು.

ಅಲ್ಲಿ ಮಳೆಗಾಲ ಯಾವಾಗ?

ಮಳೆಗಾಲ ಅನ್ನುವುದೇ ಇಲ್ಲ. ನಮ್ಮವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಇದನ್ನು ಒಪ್ಪಿಕೊಳ್ಳಲು. ನಮ್ಮಲ್ಲಿ ಮುಂಗಾರು ಇದೆ, ಹಿಂಗಾರು ಇದೆ. ಆರಿದ್ರಾ ಮಳೆ, ಪುಷ್ಯ ಮಳೆ ಅಂತ ನಕ್ಷತ್ರದ ಹೆಸರು ಹಿಡಿದು ಮಳೆಯನ್ನು ಗುರುತಿಸುತ್ತೇವೆ. ಇಲ್ಲಿ ಹನ್ನೆರಡು ತಿಂಗಳೂ ಮಳೆ ಬರುತ್ತದೆ. ಲಂಡನ್ನಿನ ತಿಂಗಳ ಲೆಕ್ಕ ತೆಗೆದು ನೋಡಿ. ಅತಿ ಒಣ ತಿಂಗಳಿಗೂ ಅತಿ ಒದ್ದೆ ತಿಂಗಳಿಗೂ ಇರುವ ವ್ಯತ್ಯಾಸ, ನಮ್ಮಲ್ಲಿ ಒಂದು ಜೋರು ಮಳೆ ಸಂಜೆಗೆ ಸುರಿದುಹೋಗುವಷ್ಟು ಮಾತ್ರ.

ಆದರೂ ಒಂದು ಓಟ ಇದೆ. ಪಶ್ಚಿಮ ಕರಾವಳಿಯಲ್ಲಿ ಅಕ್ಟೋಬರ್‌ನಿಂದ ಜನವರಿವರೆಗೆ ಮಳೆ ಜಾಸ್ತಿ. ಏಪ್ರಿಲ್‌ನಿಂದ ಜೂನ್‌ವರೆಗೆ ಕಡಿಮೆ. ಕಾರಣ ಸಮುದ್ರ. ಬೇಸಿಗೆಯೆಲ್ಲ ಕಾದ ಸಮುದ್ರ ಬೇಗ ತಣಿಯುವುದಿಲ್ಲ. ಶರತ್ಕಾಲದಲ್ಲಿ ನೆಲ ತಣ್ಣಗಾಗುತ್ತಿದ್ದರೂ ನೀರು ಇನ್ನೂ ಬೆಚ್ಚಗೆ ಇರುತ್ತದೆ. ಆ ನೀರಿನಿಂದ ಆವಿ ಏಳುತ್ತಲೇ ಇರುತ್ತದೆ. ಅದೇ ಹೊತ್ತಿಗೆ ಅಟ್ಲಾಂಟಿಕ್ ಮೇಲಿನ ಬಿರುಗಾಳಿಗಳೂ ಜೋರಾಗುತ್ತವೆ. ಒಳನಾಡಿಗೆ ಹೋದ ಹಾಗೆ ಲೆಕ್ಕ ತಿರುಗುತ್ತದೆ. ಪೂರ್ವ ಇಂಗ್ಲೆಂಡ್, ಜರ್ಮನಿಯ ಒಳಭಾಗದಲ್ಲಿ ಬೇಸಿಗೆಯ ಗುಡುಗು ಮಳೆಯ ಪಾಲು ದೊಡ್ಡದು.

ಲಂಡನ್‌ನಲ್ಲಿ ಬೆಂಗಳೂರಿಗಿಂತ ಜಾಸ್ತಿ ಮಳೆ ಅಲ್ವಾ?

ಅಲ್ಲ. ಲಂಡನ್‌ಗೆ ವರ್ಷಕ್ಕೆ ಬರುವುದು ಸುಮಾರು 600 ಮಿಲಿಮೀಟರ್. ಬೆಂಗಳೂರಿಗೆ ಹತ್ತಿರ ಹತ್ತಿರ 1000. ರೋಮ್ ನಗರಕ್ಕೂ ಲಂಡನ್‌ಗಿಂತ ಜಾಸ್ತಿ ಮಳೆ ಬರುತ್ತದೆ. ಮಂಗಳೂರಿಗೆ ಜುಲೈ ಒಂದೇ ತಿಂಗಳಲ್ಲಿ ಬೀಳುವ ನೀರು ಲಂಡನ್‌ನ ಇಡೀ ವರ್ಷದ ಮಳೆಯನ್ನು ಮೀರಿಸುತ್ತದೆ.

ಹಾಗಾದರೆ ಲಂಡನ್ ಅಂದ ಕೂಡಲೇ ಎಲ್ಲರಿಗೂ ಛತ್ರಿ ಯಾಕೆ ನೆನಪಾಗುತ್ತದೆ? ದಿನಗಳನ್ನು ಎಣಿಸಿದರೆ ಗೊತ್ತಾಗುತ್ತದೆ. ಲಂಡನ್‌ನಲ್ಲಿ ವರ್ಷಕ್ಕೆ ಸುಮಾರು 110 ದಿನ ಮಳೆ. ಮ್ಯಾಂಚೆಸ್ಟರ್‌ನಲ್ಲಿ ಸುಮಾರು 150. ಐರ್ಲೆಂಡಿನ ಪಶ್ಚಿಮದಲ್ಲಿ 200 ದಾಟುತ್ತದೆ. ಬೆಂಗಳೂರಿನಲ್ಲಿ 60ರ ಆಸುಪಾಸು. ಇಲ್ಲೊಂದು ಸಣ್ಣ ಎಚ್ಚರಿಕೆ. ನಮ್ಮ ಹವಾಮಾನ ಇಲಾಖೆ 2.5 ಮಿ.ಮೀ. ಬಿದ್ದರೆ ಮಾತ್ರ ಅದನ್ನು ಮಳೆಯ ದಿನ ಅನ್ನುತ್ತದೆ. ಬ್ರಿಟನ್ನಿನಲ್ಲಿ 1 ಮಿ.ಮೀ. ಸಾಕು. ಆ ವ್ಯತ್ಯಾಸ ಕಳೆದರೂ ಚಿತ್ರ ಬದಲಾಗುವುದಿಲ್ಲ. ನಮ್ಮ ಮಳೆ ಕೊಡದಲ್ಲಿ ಸುರಿಯುತ್ತದೆ. ಇಲ್ಲಿನದು ಚಮಚದಲ್ಲಿ ಬೀಳುತ್ತದೆ, ಆದರೆ ಚಮಚ ಕೆಳಗಿಡುವುದೇ ಇಲ್ಲ.

ಇದು ನನಗೆ ಸರಿಯಾಗಿ ಅರ್ಥವಾದದ್ದು ಹಿತ್ತಲಲ್ಲಿ ಮಳೆಮಾಪಕ ಇಟ್ಟ ಮೇಲೆ. ಬೆಳಿಗ್ಗೆ ಒಂಬತ್ತಕ್ಕೆ ನೋಡುವುದು ಇಲ್ಲಿನ ಪದ್ಧತಿ. ನಾನೂ ಹಾಗೇ ನೋಡುತ್ತೇನೆ. ಇಡೀ ದಿನ ಕಿಟಕಿ ಒದ್ದೆ, ರಸ್ತೆ ಒದ್ದೆ, ಮಗಳ ಶಾಲೆ ಚೀಲ ಒದ್ದೆ. ಮಾರನೇ ದಿನ ಮಾಪಕದ ತಳದಲ್ಲಿ ಒಂದು ಮಿಲಿಮೀಟರ್, ಹೆಚ್ಚೆಂದರೆ ಎರಡು. ಮೊದಮೊದಲು ಮಾಪಕ ಎಲ್ಲೋ ಸೋರುತ್ತಿದೆ ಅಂದುಕೊಂಡು ಬಟ್ಟೆಯಲ್ಲಿ ಒರೆಸಿ ನೋಡಿದ್ದೆ. ಸೋರುತ್ತಿರಲಿಲ್ಲ. ಮಳೆ ಇದ್ದದ್ದೇ ಅಷ್ಟು.

ಇಷ್ಟು ಮಳೆ ಎಲ್ಲಿಂದ ಬರುತ್ತದೆ?

ಅಟ್ಲಾಂಟಿಕ್‌ನಿಂದ. ದಕ್ಷಿಣದಿಂದ ಬೆಚ್ಚಗಿನ, ಒದ್ದೆ ಗಾಳಿ ಬರುತ್ತದೆ. ಉತ್ತರ ಧ್ರುವದ ಕಡೆಯಿಂದ ತಣ್ಣನೆ, ಒಣ ಗಾಳಿ ಇಳಿಯುತ್ತದೆ. ಎರಡೂ ಸುಲಭವಾಗಿ ಬೆರೆಯುವುದಿಲ್ಲ. ಬೆಚ್ಚಗಿನ ಗಾಳಿ ಹಗುರ, ಅದು ತಣ್ಣನೆ ಗಾಳಿಯ ಮೇಲೆ ಹತ್ತುತ್ತದೆ. ಹತ್ತಿದ ಹಾಗೆ ತಣ್ಣಗಾಗಿ ಮೋಡ ಕಟ್ಟುತ್ತದೆ. ಈ ಗಡಿಯಲ್ಲೇ ವಾಯುಭಾರ ಕುಸಿತಗಳು ಹುಟ್ಟುತ್ತವೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಸುದ್ದಿ ನಾವು ವರ್ಷಕ್ಕೆ ಕೆಲವು ಸಲ ಓದುತ್ತೇವೆ. ಇಲ್ಲಿ ಚಳಿಗಾಲದಲ್ಲಿ ವಾರಕ್ಕೆ ಎರಡು ಮೂರು ಬಂದರೂ ಯಾರಿಗೂ ಆಶ್ಚರ್ಯವಿಲ್ಲ. ಅವನ್ನು ಪಶ್ಚಿಮದಿಂದ ಪೂರ್ವಕ್ಕೆ ಎಳೆದು ತರುವುದು ಜೆಟ್ ಸ್ಟ್ರೀಮ್. ಸುಮಾರು ಒಂಬತ್ತು ಹತ್ತು ಕಿಲೋಮೀಟರ್ ಎತ್ತರದಲ್ಲಿ ಹರಿಯುವ ಗಾಳಿಯ ಹೊಳೆ ಅದು. ಆ ಹೊಳೆ ಯಾರ ತಲೆಯ ಮೇಲೆ ಹರಿಯುತ್ತದೋ ಅವರಿಗೆ ಮಳೆ.

ಒಂದು ಕುಸಿತ ದಾಟಿಹೋಗುವ ದಿನವನ್ನು ಮನೆಯಿಂದಲೇ ಓದಬಹುದು. ಮೊದಲು ತುಂಬ ಎತ್ತರದಲ್ಲಿ ಹತ್ತಿ ಹಿಂಜಿದ ಹಾಗೆ ಬಿಳಿ ಎಳೆ ಮೋಡ. ಆಮೇಲೆ ಸೂರ್ಯ ಮಂಕಾಗುತ್ತಾನೆ, ಅವನ ಸುತ್ತ ಬಳೆ ಕಟ್ಟುತ್ತದೆ. ಮೋಡ ಕೆಳಗೆ ಇಳಿದು ದಪ್ಪವಾಗುತ್ತದೆ. ಒಂದೇ ಸಮ ಮಳೆ, ಕೆಲವು ಗಂಟೆ. ನಂತರ ಸ್ವಲ್ಪ ಬೆಚ್ಚಗೆ, ಮುಖಕ್ಕೆ ಅಂಟುವ ಸೋನೆ. ಕೊನೆಗೆ ಒಂದು ಗಾಳಿಯ ಹೊಡೆತ, ಹತ್ತಿಪ್ಪತ್ತು ನಿಮಿಷ ಜೋರು ಮಳೆ, ಅಲ್ಲಿಗೆ ಪರದೆ ಸರಿಸಿದ ಹಾಗೆ ನೀಲಿ ಆಕಾಶ. ಗಾಳಿ ತಣ್ಣಗಾಗಿರುತ್ತದೆ. ನಡುನಡುವೆ ಓಡಿ ಬರುವ ತುಂತುರು, ಬಿಸಿಲು, ಕಾಮನಬಿಲ್ಲು. ಕಾಗೆ ನರಿ ಮದುವೆಗೆ ಇಲ್ಲಿ ವಾರಕ್ಕೊಂದು ಮುಹೂರ್ತ.

ಇದನ್ನೆಲ್ಲ ಮೊದಲು ಬಿಡಿಸಿ ಹೇಳಿದವರು ನಾರ್ವೆಯ ಬರ್ಗನ್ ಊರಿನಲ್ಲಿ ಕೂತು ಕೆಲಸ ಮಾಡಿದ ವಿಜ್ಞಾನಿಗಳು. ವಿಲ್ಹೆಲ್ಮ್ ಬ್ಯರ್ಕ್ನೆಸ್ 1917ರಲ್ಲಿ ಅಲ್ಲಿಗೆ ಬಂದರು. ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಹೊರದೇಶಗಳಿಂದ ತಂತಿಯಲ್ಲಿ ಬರುತ್ತಿದ್ದ ಹವಾಮಾನದ ಮಾಹಿತಿ ನಿಂತುಹೋಗಿತ್ತು. ಮೀನುಗಾರರಿಗೆ, ರೈತರಿಗೆ ಮುನ್ಸೂಚನೆ ಬೇಕಿತ್ತು. ಅದಕ್ಕೆ ಕರಾವಳಿ ಉದ್ದಕ್ಕೂ ಹತ್ತಿರ ಹತ್ತಿರ ವೀಕ್ಷಣೆಯ ಜಾಗಗಳನ್ನು ಮಾಡಿದರು. ಆ ದಟ್ಟ ಲೆಕ್ಕದಲ್ಲೇ ಎರಡು ಗಾಳಿಗಳ ನಡುವಿನ ಗೆರೆ ಕಣ್ಣಿಗೆ ಬಿತ್ತು. ಯುದ್ಧದ ಗಡಿಗೆ ಹೇಳುವ 'ಫ್ರಂಟ್' ಎಂಬ ಮಾತನ್ನೇ ಅದಕ್ಕೂ ಇಟ್ಟರು. ಇವತ್ತಿಗೂ ಟೀವಿ ನಕ್ಷೆಯಲ್ಲಿ ಕಾಣುವ ನೀಲಿ ಹಲ್ಲಿನ ಗೆರೆ, ಕೆಂಪು ಗುಮ್ಮಟದ ಗೆರೆ ಅವೇ.

ಒಂದೇ ದೇಶದಲ್ಲಿ ಪಶ್ಚಿಮಕ್ಕೆ ಅಷ್ಟು ಮಳೆ, ಪೂರ್ವಕ್ಕೆ ಇಷ್ಟು ಕಡಿಮೆ ಯಾಕೆ?

ಆಗುಂಬೆ ಮತ್ತು ಚಳ್ಳಕೆರೆ ಗೊತ್ತಿರುವವರಿಗೆ ಇದನ್ನು ವಿವರಿಸುವುದೇ ಬೇಡ. ಸಮುದ್ರದ ಗಾಳಿ ಗುಡ್ಡಕ್ಕೆ ತಾಗಿ ಮೇಲೆ ಹತ್ತುತ್ತದೆ, ತಣ್ಣಗಾಗಿ ಮಳೆ ಇಳಿಸುತ್ತದೆ. ಗುಡ್ಡ ದಾಟಿ ಇಳಿಯುವಾಗ ಅದರ ಕೈಲಿ ನೀರು ಉಳಿದಿರುವುದಿಲ್ಲ. ಸಹ್ಯಾದ್ರಿ ಮಾಡುವ ಕೆಲಸವನ್ನೇ ಇಲ್ಲಿ ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್, ವೇಲ್ಸ್‌ನ ಬೆಟ್ಟಗಳು, ನಾರ್ವೆಯ ಪರ್ವತಗಳು ಮಾಡುತ್ತವೆ.

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಸೀತ್‌ವೇಟ್ ಅಂತ ಒಂದು ಹಳ್ಳಿ ಇದೆ. ಹಳ್ಳಿ ಅಂದರೂ ಕೆಲವೇ ಮನೆ, ಕುರಿ ಸಾಕುವ ತೋಟದ ಮನೆ, ಕಲ್ಲಿನ ಕೊಟ್ಟಿಗೆ. ಇಂಗ್ಲೆಂಡಿನಲ್ಲಿ ಜನ ವಾಸ ಇರುವ ಜಾಗಗಳ ಪೈಕಿ ಅತಿ ಹೆಚ್ಚು ಮಳೆ ಬೀಳುವುದು ಇಲ್ಲಿ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಲೆನಾಡಿನವಳಾಗಿ ಇದನ್ನು ನೋಡದೆ ಇರಲು ನನ್ನಿಂದ ಆಗಲಿಲ್ಲ. ಒಂದು ನವೆಂಬರ್‌ನಲ್ಲಿ ಕೆಸಿಕ್ ಪೇಟೆಯಿಂದ 78ನೇ ನಂಬರ್ ಬಸ್ ಹತ್ತಿದೆ. ಪೇಟೆಯಲ್ಲಿ ತೆಳು ಬಿಸಿಲಿತ್ತು. ಕಣಿವೆಯ ಒಳಗೆ ಹೋದ ಹಾಗೆ ಡ್ರೈವರ್ ವೈಪರ್ ಹಾಕಿದರು, ಆಮೇಲೆ ಅದನ್ನು ಜೋರು ಮಾಡಿದರು. ಬಸ್ ಇಳಿದು ಒಂದೂವರೆ ಕಿಲೋಮೀಟರ್ ನಡೆದೆ. ಎರಡೂ ಕಡೆ ಸ್ಲೇಟ್ ಕಲ್ಲಿನ ಗೋಡೆ, ಪಾಚಿ ಕಟ್ಟಿ ಹಸಿರಾಗಿತ್ತು. ಗುಡ್ಡದ ಮೈಮೇಲೆ ಎಣಿಸಲಾರದಷ್ಟು ಬಿಳಿ ನೀರಿನ ಗೆರೆ. ಬೂದು ಬಣ್ಣದ ಹರ್ಡ್‌ವಿಕ್ ಕುರಿಗಳು ಮಳೆಗೆ ಬೆನ್ನು ಕೊಟ್ಟು ಸುಮ್ನೆ ಮೇಯುತ್ತಿದ್ದವು. ಕಣ್ಣು ಮುಚ್ಚಿ ನಿಂತರೆ ಆ ಸದ್ದು ನಮ್ಮ ಮನೆ ಹಿಂದಿನ ಹಳ್ಳದ್ದೇ. ಒಂದೇ ಕೊರತೆ, ಜೀರುಂಡೆ ಇಲ್ಲ.

ಆದರೆ ಕೆಸಿಕ್ ಪೇಟೆಗೆ ಬೀಳುವುದು ಸುಮಾರು 1500 ಮಿ.ಮೀ. ಮಾತ್ರ. ನಡುವಿನ ದೂರ 14 ಕಿ.ಮೀ. ಇನ್ನೂ ಪೂರ್ವಕ್ಕೆ ಹೋಗಿ ನ್ಯೂಕ್ಯಾಸಲ್ ತಲುಪಿದರೆ 650ರ ಆಸುಪಾಸು. ಇಂಗ್ಲೆಂಡಿನ ಆಗ್ನೇಯ ತುದಿಯ ಎಸೆಕ್ಸ್ ಕರಾವಳಿಯಲ್ಲಿ 500ರ ಹತ್ತಿರ ಬಂದು ನಿಲ್ಲುತ್ತದೆ. ಸೀತ್‌ವೇಟ್ ಎಷ್ಟೇ ದೊಡ್ಡದು ಅಂದರೂ ಆಗುಂಬೆಯ ಅರ್ಧದಷ್ಟು. ಆಗುಂಬೆಯದು 7000 ದಾಟುತ್ತದೆ.

ನಾರ್ವೆಯಲ್ಲಿ ಈ ವ್ಯತ್ಯಾಸ ಇನ್ನೂ ಜೋರು. ಬರ್ಗನ್‌ಗೆ ವರ್ಷಕ್ಕೆ 2200 ಮಿ.ಮೀ.ಗಿಂತ ಜಾಸ್ತಿ. 2006ರ ಅಕ್ಟೋಬರ್ ಕೊನೆಯಿಂದ 2007ರ ಜನವರಿವರೆಗೆ ಅಲ್ಲಿ ಒಂದು ದಿನವೂ ಬಿಡದೆ 85 ದಿನ ಮಳೆ ಬಿದ್ದಿತ್ತು. ಅದೇ ದೇಶದ ಪರ್ವತಗಳ ಆಚೆ ಮಗ್ಗುಲಲ್ಲಿ ಷೋಕ್ ಅನ್ನುವ ಊರಿದೆ. ಅಲ್ಲಿ ವರ್ಷಕ್ಕೆ 300 ಮಿ.ಮೀ. ಕೂಡ ಬೀಳುವುದಿಲ್ಲ. ಅಲ್ಲಿನ ರೈತರು ತಲೆತಲಾಂತರದಿಂದ ಬೆಟ್ಟದ ನೀರನ್ನು ಕಾಲುವೆ ಮಾಡಿ ಹೊಲಕ್ಕೆ ತಂದುಕೊಂಡಿದ್ದಾರೆ. ಮಳೆಗೆ ಹೆಸರಾದ ದೇಶದಲ್ಲಿ ಕಾಲುವೆ ನೀರಾವರಿ! ಗುಡ್ಡದ ನೆರಳು ಅಂದರೆ ಇದೇ.

ನೆದರ್ಲೆಂಡ್ಸ್‌ನಲ್ಲಿ ಗುಡ್ಡ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಮಳೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ, ವರ್ಷಕ್ಕೆ 800ರ ಮೇಲೆ ಸ್ವಲ್ಪ.

ಅಷ್ಟು ಉತ್ತರದಲ್ಲಿದ್ದರೂ ಅಲ್ಲಿ ವಿಪರೀತ ಚಳಿ ಇಲ್ಲವಲ್ಲ, ಯಾಕೆ?

ನಕ್ಷೆ ನೋಡಿ. ಬರ್ಗನ್ ಇರುವುದು 60 ಡಿಗ್ರಿ ಉತ್ತರದಲ್ಲಿ. ಗ್ರೀನ್‌ಲ್ಯಾಂಡಿನ ದಕ್ಷಿಣ ತುದಿಯೂ ಅಲ್ಲೇ. ಗ್ಲಾಸ್ಗೋಗೆ ಸಮನಾಗಿ ಅಟ್ಲಾಂಟಿಕ್‌ನ ಆ ಬದಿಯಲ್ಲಿ ಕೆನಡಾದ ಲ್ಯಾಬ್ರಡಾರ್ ಇದೆ. ಅಲ್ಲಿ ಸಮುದ್ರವೇ ತಿಂಗಳುಗಟ್ಟಲೆ ಹೆಪ್ಪುಗಟ್ಟುತ್ತದೆ. ಇಲ್ಲಿ ಐರ್ಲೆಂಡಿನ ನೈಋತ್ಯ ತುದಿಯ ವ್ಯಾಲೆಂಷಿಯಾದಲ್ಲಿ ಜನವರಿಯ ಸರಾಸರಿ 7 ಡಿಗ್ರಿಗಿಂತ ಮೇಲೆ.

ಎಲ್ಲರೂ ಗಲ್ಫ್ ಸ್ಟ್ರೀಮ್ ಅನ್ನುತ್ತಾರೆ. ಸರಿಯೇ, ಆದರೆ ಅರ್ಧ ಸರಿ. ಮೆಕ್ಸಿಕೊ ಕೊಲ್ಲಿಯ ಕಡೆಯಿಂದ ಹೊರಟ ಬೆಚ್ಚಗಿನ ನೀರು ಉತ್ತರ ಅಟ್ಲಾಂಟಿಕ್ ದಾಟಿ ನಾರ್ವೆಯವರೆಗೆ ಬರುತ್ತದೆ. ಅದರ ಜೊತೆಗೆ ಗಾಳಿಯ ದಿಕ್ಕೂ ಅಷ್ಟೇ ಮುಖ್ಯ. ಇಲ್ಲಿ ಗಾಳಿ ಹೆಚ್ಚಾಗಿ ಸಮುದ್ರದ ಕಡೆಯಿಂದ ಬೀಸುತ್ತದೆ. ಬೇಸಿಗೆಯಲ್ಲಿ ಸಮುದ್ರ ಕೂಡಿಟ್ಟ ಬಿಸಿಯನ್ನು ಚಳಿಗಾಲದಲ್ಲಿ ಗಾಳಿ ಹೊತ್ತು ತರುತ್ತದೆ. ಲ್ಯಾಬ್ರಡಾರ್‌ಗೆ ಬರುವುದು ಹೆಪ್ಪುಗಟ್ಟಿದ ನೆಲದ ಮೇಲಿನ ಗಾಳಿ. ಗಾಳಿ ಪೂರ್ವಕ್ಕೆ ತಿರುಗಿ ರಷ್ಯಾ ಕಡೆಯಿಂದ ಬಂದ ವಾರ ಇಲ್ಲಿಯೂ ನೀರಿನ ನಲ್ಲಿ ಹೆಪ್ಪುಗಟ್ಟುತ್ತದೆ.

ಒಂದು ಚಳಿಗಾಲ ಮಳೆಯೋ ಮಳೆ, ಇನ್ನೊಂದು ಒಣ ಚಳಿ. ಇದಕ್ಕೆ ಲೆಕ್ಕ ಇದೆಯಾ?

ಇದೆ. ಅದರ ಕಥೆಗೆ ನಮ್ಮ ಮುಂಗಾರಿನ ನಂಟೂ ಇದೆ. ನನಗೆ ಈ ಇಡೀ ವಿಷಯದಲ್ಲಿ ತುಂಬ ಪ್ರೀತಿಯ ಭಾಗ ಇದು.

ಗಿಲ್ಬರ್ಟ್ ವಾಕರ್ ಅಂತ ಒಬ್ಬ ಗಣಿತಜ್ಞ. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದರು. 1899ರಲ್ಲಿ ಮುಂಗಾರು ಕೈಕೊಟ್ಟು ದೇಶದಲ್ಲಿ ಭಯಂಕರ ಬರ ಬಂದಿತ್ತು. ಮುಂದಿನ ಬರವನ್ನು ಮೊದಲೇ ತಿಳಿಯುವುದು ಹೇಗೆ ಅನ್ನುವುದೇ ಅವರ ಹುಡುಕಾಟ. ಪ್ರಪಂಚದ ಬೇರೆ ಬೇರೆ ಊರುಗಳ ಗಾಳಿಯ ಒತ್ತಡ, ಮಳೆ, ಬಿಸಿಯ ಲೆಕ್ಕ ತರಿಸಿದರು. ಭಾರತೀಯ ಗುಮಾಸ್ತರು ಕೂತು ಕೈಯಲ್ಲೇ ಲೆಕ್ಕ ಹಾಕಿದರು. ಆ ಲೆಕ್ಕದಿಂದ ಹೊರಬಿದ್ದದ್ದರಲ್ಲಿ ಒಂದು, ಇವತ್ತು ಪೆಸಿಫಿಕ್ ಸಮುದ್ರ ಬಿಸಿಯಾಗುವ ಎಲ್‌ ನಿನೊ ಜೊತೆ ಹೇಳುವ ದಕ್ಷಿಣದ ತೂಗಾಟ. ಇನ್ನೊಂದು ಉತ್ತರ ಅಟ್ಲಾಂಟಿಕ್‌ನ ತೂಗಾಟ. ಈ ಹೆಸರು ಕೊಟ್ಟವರೂ ಅವರೇ.

ತೂಗಾಟ ಅಂದರೆ ಏನು? ಐಸ್‌ಲ್ಯಾಂಡ್ ಹತ್ತಿರ ಗಾಳಿಯ ಒತ್ತಡ ಕಡಿಮೆ, ದಕ್ಷಿಣದ ಅಝೋರ್ಸ್ ದ್ವೀಪಗಳ ಹತ್ತಿರ ಜಾಸ್ತಿ. ಎರಡರ ನಡುವಿನ ವ್ಯತ್ಯಾಸ ಹೆಚ್ಚಾದ ಚಳಿಗಾಲದಲ್ಲಿ ಪಶ್ಚಿಮದ ಗಾಳಿ ಬಲವಾಗುತ್ತದೆ. ಬ್ರಿಟನ್, ನಾರ್ವೆಗೆ ಬೆಚ್ಚಗಿನ, ಒದ್ದೆ ಚಳಿಗಾಲ. ಸ್ಪೇನ್‌ಗೆ ಮಳೆ ಕಡಿಮೆ. ವ್ಯತ್ಯಾಸ ಇಳಿದರೆ ತಕ್ಕಡಿ ತಿರುಗುತ್ತದೆ. ಇಲ್ಲಿ ಒಣ ಚಳಿ, ಅಲ್ಲಿ ಮಳೆ. ನಮ್ಮ ರೈತರ ಬರಕ್ಕೆ ಉತ್ತರ ಹುಡುಕಲು ಹೊರಟ ಲೆಕ್ಕ ಕೊನೆಗೆ ಬರ್ಗನ್‌ನ ಮಳೆಗೂ ಬೀಗದ ಕೈ ಆಯಿತು.

ಹಿಮ ಬೀಳುತ್ತದಾ?

ಬೆಟ್ಟದ ಮೇಲೆ, ಹೌದು. ನಾರ್ವೆಯಲ್ಲಿ ಚೆನ್ನಾಗಿಯೇ ಬೀಳುತ್ತದೆ. ಲಂಡನ್, ಡಬ್ಲಿನ್, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವರ್ಷಕ್ಕೆ ಕೆಲವು ದಿನ, ಕೆಲವು ವರ್ಷ ಅದೂ ಇಲ್ಲ. ಹಿಮದ ಮನುಷ್ಯನನ್ನು ಮಾಡುವ ಆಸೆಯಿಂದ ಬರುವ ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಗುಡುಗು ಸಿಡಿಲು?

ನಮ್ಮ ಏಪ್ರಿಲ್‌ ಮೇ ಮಳೆಯ ಹಾಗೆ ಇಲ್ಲ. ಬೇಸಿಗೆಯಲ್ಲಿ ಕೆಲವು ಸಲ. ಪೂರ್ವ ಇಂಗ್ಲೆಂಡ್, ಬೆಲ್ಜಿಯಂ, ಜರ್ಮನಿ ಕಡೆ ಜಾಸ್ತಿ. ಪಶ್ಚಿಮ ಐರ್ಲೆಂಡಿನಲ್ಲಿ ತುಂಬ ಅಪರೂಪ.

ಅಲ್ಲಿನವರು ಮಳೆಗೆ ನಮ್ಮ ಹಾಗೆ ಬೇರೆ ಬೇರೆ ಹೆಸರು ಹೇಳುತ್ತಾರಾ?

ಹೇಳುತ್ತಾರೆ. ನಾವು ಸೋನೆ, ಜಡಿ, ತುಂತುರು ಅನ್ನುತ್ತೇವಲ್ಲ, ಹಾಗೇ. ಸ್ಕಾಟ್ಲೆಂಡಿನಲ್ಲಿ ಮಂಜಿನಷ್ಟು ಸಣ್ಣ ಮಳೆ 'ಸ್ಮರ್'. ಇಡೀ ದಿನ ಮಂಕು ಕವಿದು ಒದ್ದೆಯಾಗಿದ್ದರೆ 'ಡ್ರೀಖ್'. ಡಚ್ಚರ ಸೋನೆ ಮಳೆ 'ಮೊಟ್‌ರೇಖನ್'. ಐರ್ಲೆಂಡಿನಲ್ಲಿ ಸೋನೆ ಹಿಡಿದ ದಿನ ಎದುರಾದವರು 'ಸಾಫ್ಟ್ ಡೇ' ಅನ್ನುತ್ತಾರೆ, ಮೆತ್ತನೆ ದಿನ. ಮಳೆಯನ್ನು ಬೈಯದೆ ಹೇಳುವ ಆ ಮಾತು ಕೇಳಿದಾಗಲೆಲ್ಲ ನನಗೆ ಖುಷಿ. ಜುಲೈ 15ರ ಸಂತ ಸ್ವಿದಿನ್ ಹಬ್ಬದ ದಿನ ಮಳೆ ಬಂದರೆ ನಲವತ್ತು ದಿನ ಮಳೆ ಅಂತ ಇಂಗ್ಲೆಂಡಿನಲ್ಲಿ ಹಳಬರ ನಂಬಿಕೆ. ದಾಖಲೆ ತೆಗೆದರೆ ಅದು ಅಕ್ಷರಶಃ ನಿಜವಾಗಿಲ್ಲ.

ಹವಾಮಾನ ಮುನ್ಸೂಚನೆಯನ್ನು ನಂಬಬಹುದಾ?

ಎರಡು ಮೂರು ದಿನದ್ದನ್ನು ಧಾರಾಳವಾಗಿ ನಂಬಿ. ವಾರ ದಾಟಿದ್ದನ್ನು ಅಂದಾಜು ಅಂತ ಓದಿ. ಇಲ್ಲಿನ ಆ್ಯಪ್‌ಗಳು ಗಂಟೆ ಗಂಟೆಗೂ ಮಳೆಯ ಸಾಧ್ಯತೆಯನ್ನು ಶೇಕಡಾದಲ್ಲಿ ಕೊಡುತ್ತವೆ. 30 ಶೇಕಡಾ ಅಂದರೆ ಅಂಥ ಹತ್ತು ಸಂದರ್ಭದಲ್ಲಿ ಮೂರು ಸಲ ಮಳೆ ಬರುತ್ತದೆ ಅಂತ ಅರ್ಥ. ದಿನದ 30 ಶೇಕಡಾ ಹೊತ್ತು ಮಳೆ ಅಂತಲ್ಲ. ನೆದರ್ಲೆಂಡ್ಸ್‌ನಲ್ಲಿ ಜನ ಸೈಕಲ್ ಹತ್ತುವ ಮೊದಲು ಫೋನಿನಲ್ಲಿ ಮಳೆ ರೇಡಾರ್ ನೋಡುತ್ತಾರೆ. ಹತ್ತು ನಿಮಿಷ ಕಾದರೆ ಮೋಡ ದಾಟಿಹೋಗುತ್ತದೆ ಅನ್ನುವುದು ಅದರಲ್ಲಿ ಕಾಣುತ್ತದೆ. ನೀವೂ ಆ ಅಭ್ಯಾಸ ಮಾಡಿಕೊಳ್ಳಿ.

ಮುನ್ಸೂಚನೆ ಎಂಬ ಕೆಲಸ ಇಲ್ಲಿ ಬೇರು ಬಿಟ್ಟದ್ದು ಸಾವಿನ ನಂತರ. 1859ರ ಅಕ್ಟೋಬರ್‌ನಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸ್‌ನ ಆಂಗ್ಲಸೀ ತೀರದಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆಯಿತು. ನಾನೂರಕ್ಕೂ ಹೆಚ್ಚು ಜನ ಸತ್ತರು. ಡಾರ್ವಿನ್‌ ಹೋಗಿದ್ದ ಬೀಗಲ್ ಹಡಗಿನ ಕ್ಯಾಪ್ಟನ್ ರಾಬರ್ಟ್ ಫಿಟ್ಜ್‌ರಾಯ್ ಆಗ ಬ್ರಿಟನ್ನಿನ ಹವಾಮಾನ ಕಚೇರಿಯ ಮುಖ್ಯಸ್ಥರು. ತಂತಿಯ ಮೂಲಕ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕಳಿಸುವ ವ್ಯವಸ್ಥೆಯನ್ನು 1861ರಲ್ಲಿ ಶುರುಮಾಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ ದಿನಪತ್ರಿಕೆಯಲ್ಲಿ ಮೊದಲ ಮುನ್ಸೂಚನೆ ಅಚ್ಚಾಯಿತು.

2015ರಿಂದ ಬ್ರಿಟನ್ ಮತ್ತು ಐರ್ಲೆಂಡ್ ಬಿರುಗಾಳಿಗಳಿಗೆ ಹೆಸರು ಇಡುತ್ತಿವೆ. 2019ರಲ್ಲಿ ನೆದರ್ಲೆಂಡ್ಸ್ ಸೇರಿಕೊಂಡಿತು. ಹೆಸರಿಟ್ಟ ಗಾಳಿ ಬರುತ್ತಿದೆ ಅಂದರೆ ಪ್ರಯಾಣ ಮುಂದೂಡಿ. ಹಳದಿ, ಕಿತ್ತಳೆ, ಕೆಂಪು ಅಂತ ಎಚ್ಚರಿಕೆಯ ಬಣ್ಣ ಇರುತ್ತದೆ. ಕೆಂಪು ಇದ್ದ ದಿನ ಮನೆ ಬಿಟ್ಟು ಹೊರಡಲೇಬೇಡಿ.

ಮಳೆಯ ಲೆಕ್ಕ ಎಷ್ಟು ಹಳೆಯದು?

ತುಂಬ ಹಳೆಯದು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 1766ರಿಂದ ತಿಂಗಳ ಮಳೆಯ ಸರಣಿ ಇದೆ. 1860ರಲ್ಲಿ ಜಾರ್ಜ್ ಸೈಮನ್ಸ್ ಎಂಬುವರು ದೇಶದಲ್ಲಿ ಮಳೆ ಅಳೆಯುವ ಹವ್ಯಾಸ ಇದ್ದವರನ್ನೆಲ್ಲ ಒಟ್ಟುಗೂಡಿಸಲು ಹೊರಟರು. ಪಾದ್ರಿಗಳು, ಡಾಕ್ಟರುಗಳು, ಶಾಲೆ ಮೇಷ್ಟ್ರುಗಳು, ತೋಟದ ಮಾಲಿಗಳು. 1900ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ 3000ಕ್ಕೂ ಹೆಚ್ಚು ಮಾಪಕಗಳ ಲೆಕ್ಕ ಅವರಿಗೆ ಬರುತ್ತಿತ್ತು. ಇವತ್ತು ಪ್ರವಾಹದ ಅಂದಾಜು ಮಾಡುವ ಇಂಜಿನಿಯರುಗಳು ಆ ಜನ ಬೆಳಿಗ್ಗೆ ಒಂಬತ್ತಕ್ಕೆ ಬರೆದಿಟ್ಟ ಅಂಕಿಗಳ ಮೇಲೆ ನಿಂತಿದ್ದಾರೆ. ನಮ್ಮ ಮಲೆನಾಡಿನಲ್ಲೂ ಅಡಿಕೆ ತೋಟದವರು, ಕಾಫಿ ತೋಟದವರು ದಿನಾ ಮಳೆ ಬರೆದಿಡುತ್ತಾರೆ. ಅಂಥ ಹಳೇ ಪುಸ್ತಕ ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.

ಅಲ್ಲಿ ಬರ ಬರುತ್ತದಾ?

ಬರುತ್ತದೆ. 1976ರ ಬೇಸಿಗೆಯನ್ನು ಇಲ್ಲಿನ ಹಿರಿಯರು ಇನ್ನೂ ನೆನೆಯುತ್ತಾರೆ. ಕೆಲವು ಕಡೆ ಬೀದಿ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತರು. ಸರ್ಕಾರ ಡೆನಿಸ್ ಹಾವೆಲ್ ಅವರನ್ನು ಬರಕ್ಕೆಂದೇ ಮಂತ್ರಿ ಮಾಡಿತು. ಅದಾದ ಕೆಲವೇ ದಿನಕ್ಕೆ ಮಳೆ ಬಂತು. 2022ರ ಜುಲೈ 19ರಂದು ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಮುಟ್ಟಿತು. ಬ್ರಿಟನ್ 40 ದಾಟಿದ್ದು ಅದೇ ಮೊದಲು. ಆ ಬೇಸಿಗೆ ಥೇಮ್ಸ್ ನದಿ ಹುಟ್ಟುವ ಜಾಗ ಬತ್ತಿಹೋಗಿ, ಕೆಲವು ಕಿಲೋಮೀಟರ್ ಕೆಳಗಿನಿಂದ ನೀರು ಕಾಣಿಸಿಕೊಂಡಿತು. ಜರ್ಮನಿಯಲ್ಲಿ ರೈನ್ ನದಿ ಇಳಿದು ಸರಕಿನ ದೋಣಿಗಳು ಅರ್ಧಂಬರ್ಧ ತುಂಬಿಕೊಂಡು ಓಡಾಡಬೇಕಾಯಿತು.

ಇಲ್ಲಿ ನೀರು ಕೂಡಿಡುವ ವ್ಯವಸ್ಥೆ ಚಮಚದ ಮಳೆಯನ್ನು ನಂಬಿಕೊಂಡಿದೆ. ಕೆರೆ ಕಟ್ಟಿ ಎಂಟು ತಿಂಗಳಿಗೆ ನೀರು ಹಿಡಿದಿಡಬೇಕಾದ ಅಗತ್ಯ ಇವರಿಗೆ ನಮ್ಮಷ್ಟು ಇರಲಿಲ್ಲ. ಹಾಗಾಗಿ ಎರಡು ತಿಂಗಳು ಮಳೆ ತಪ್ಪಿದರೂ ಗಿಡಕ್ಕೆ ಪೈಪಿನಲ್ಲಿ ನೀರು ಬಿಡಬೇಡಿ ಅನ್ನುವ ಆದೇಶ ಬರುತ್ತದೆ.

ಪ್ರವಾಹ ಎಷ್ಟು ಭಯಂಕರ?

ಮೂರು ದಿನಗಳನ್ನು ಹೇಳುತ್ತೇನೆ.

1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರದಲ್ಲಿ ಬಿರುಗಾಳಿ ಮತ್ತು ಉಬ್ಬರ ಒಟ್ಟಿಗೆ ಬಂದವು. ನೆದರ್ಲೆಂಡ್ಸ್‌ನಲ್ಲಿ ದಿಬ್ಬದ ಗೋಡೆಗಳು ಒಡೆದು 1836 ಜನ ಸತ್ತರು. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ 300ಕ್ಕೂ ಹೆಚ್ಚು. ಅದು ಮಳೆಯ ನೀರಲ್ಲ, ಸಮುದ್ರದ್ದು. ಡಚ್ಚರು ಅದರ ನಂತರ ಸಮುದ್ರ ತಡೆಯಲು ಕಟ್ಟಿದ ಡೆಲ್ಟಾ ಕಾಮಗಾರಿ ದಶಕಗಳ ಕಾಲ ನಡೆಯಿತು.

2015ರ ಡಿಸೆಂಬರ್ 5. ಡೆಸ್ಮಂಡ್ ಬಿರುಗಾಳಿ. ಸೀತ್‌ವೇಟ್ ಪಕ್ಕದ ಹಾನಿಸ್ಟರ್ ಘಾಟಿಯಲ್ಲಿ 24 ಗಂಟೆಯಲ್ಲಿ 341.4 ಮಿ.ಮೀ. ಬಿತ್ತು, ಬ್ರಿಟನ್ನಿನ ದಾಖಲೆ. ನಮ್ಮ ಘಟ್ಟದವರಿಗೆ ಈ ಅಂಕಿ ಹೊಸದಲ್ಲ. ಆದರೆ ಇಲ್ಲಿನ ಸೇತುವೆ, ಚರಂಡಿ, ಮನೆಗಳನ್ನು ಅಂಥ ಮಳೆಗೆ ಕಟ್ಟಿಲ್ಲ. ಕಾರ್ಲೈಲ್, ಕೆಂಡಲ್ ಪೇಟೆಗಳ ಮನೆಗಳಿಗೆ ನೀರು ನುಗ್ಗಿತು.

2021ರ ಜುಲೈ 14 ಮತ್ತು 15. ವಾಯುಭಾರ ಕುಸಿತವೊಂದು ಮುಂದೆ ಹೋಗದೆ ನಿಂತುಬಿಟ್ಟಿತು. ಜರ್ಮನಿಯ ಆರ್ ಕಣಿವೆ ಕಿರಿದು, ಕಡಿದು. ಗುಡ್ಡದ ನೀರೆಲ್ಲ ರಾತ್ರೋರಾತ್ರಿ ಊರುಗಳ ಮೇಲೆ ಬಂತು. ಜರ್ಮನಿಯಲ್ಲಿ 180ಕ್ಕೂ ಹೆಚ್ಚು ಜನ, ಬೆಲ್ಜಿಯಂನಲ್ಲಿ ಸುಮಾರು 40 ಜನ ಸತ್ತರು. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದ್ದನ್ನು ಕಂಡವರಿಗೆ ಆ ಚಿತ್ರಗಳು ನೋಡಲಾಗದವು. ನನಗೂ ಆಗಲಿಲ್ಲ. ಎರಡು ದಿನ ಸುದ್ದಿ ಆಫ್ ಮಾಡಿದ್ದೆ.

ಹವಾಮಾನ ಬದಲಾವಣೆಯಿಂದ ಮಳೆ ಜಾಸ್ತಿ ಆಗುತ್ತಿದೆಯಾ?

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು 7 ಶೇಕಡಾ ಹೆಚ್ಚು ಆವಿ ಹಿಡಿಯಬಲ್ಲದು. ಸುರಿಯುವಾಗ ಅಷ್ಟೂ ಸುರಿಯುತ್ತದೆ. ಹಾಗಾಗಿ ಜೋರು ಮಳೆ ಇನ್ನೂ ಜೋರಾಗುತ್ತಿದೆ. ಚಳಿಗಾಲ ಹೆಚ್ಚು ಒದ್ದೆ, ಬೇಸಿಗೆ ಹೆಚ್ಚು ಬಿಸಿ ಮತ್ತು ಒಣ, ಆ ಒಣ ಬೇಸಿಗೆಯ ನಡುವೆ ಒಮ್ಮೆಲೇ ಸುರಿಯುವ ಮಳೆ. ಈ ಭಾಗಕ್ಕೆ ವಿಜ್ಞಾನಿಗಳು ಹೇಳುತ್ತಿರುವುದು ಇದನ್ನೇ. 2022ರ ಅಕ್ಟೋಬರ್‌ನಿಂದ 2024ರ ಮಾರ್ಚ್‌ವರೆಗಿನ 18 ತಿಂಗಳು, 1836ರಿಂದ ಇರುವ ದಾಖಲೆಯಲ್ಲೇ ಇಂಗ್ಲೆಂಡಿಗೆ ಅತಿ ಹೆಚ್ಚು ಮಳೆಯ 18 ತಿಂಗಳು. ಆಲೂಗಡ್ಡೆ ಹೊಲದಲ್ಲೇ ಕೊಳೆಯಿತು. ಮುಂದೆ 2025ರ ವಸಂತ ಬಂತು, ನೂರು ವರ್ಷದಲ್ಲೇ ಕಾಣದಷ್ಟು ಒಣ. ಹಿತ್ತಲ ಮಾಪಕದಲ್ಲಿ ವಾರಗಟ್ಟಲೆ ದೂಳು ಬಿಟ್ಟರೆ ಏನೂ ಇರಲಿಲ್ಲ.

ಚಮಚದ ಮಳೆ ಕೊಡದ ಮಳೆ ಆಗುತ್ತಿದೆ. ನನ್ನ ಚಿಂತೆ ಇರುವುದು ಅಲ್ಲೇ. ಕೊಡದ ಮಳೆಯೊಂದಿಗೆ ಬದುಕುವುದು ಹೇಗೆ ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಚಾಚಿದ ಸೂರು, ಅಗಲದ ಕಾಲುವೆ, ಊರಿಗೊಂದು ಕೆರೆ. ಇಲ್ಲಿನ ಊರುಗಳಿಗೆ ಆ ಅಭ್ಯಾಸವೇ ಇಲ್ಲ.

ಬೆಚ್ಚಗಿನ ನೀರನ್ನು ಉತ್ತರಕ್ಕೆ ತರುವ ಸಮುದ್ರದ ಹರಿವು ನಿಂತುಹೋಗುತ್ತದಾ ಅಂತಲೂ ಕೇಳುತ್ತಾರೆ. 2004ರಿಂದ ಅಟ್ಲಾಂಟಿಕ್‌ನ ಅಡ್ಡಲಾಗಿ ಉಪಕರಣಗಳನ್ನು ಇಳಿಬಿಟ್ಟು ಅದನ್ನು ಅಳೆಯುತ್ತಿದ್ದಾರೆ. ಈ ಶತಮಾನದಲ್ಲಿ ಅದು ದುರ್ಬಲವಾಗುತ್ತದೆ ಅನ್ನುವುದರಲ್ಲಿ ಹೆಚ್ಚಿನವರಿಗೆ ಅನುಮಾನ ಇಲ್ಲ. ಪೂರ್ತಿ ಕುಸಿಯುತ್ತದಾ, ಯಾವಾಗ ಅನ್ನುವ ಬಗ್ಗೆ ವಿಜ್ಞಾನಿಗಳ ನಡುವೆ ವಾದ ನಡೆದೇ ಇದೆ.

ಛತ್ರಿ ತರಬೇಕಾ?

ಬೇಡ. ಇಲ್ಲಿ ಮಳೆ ಮೇಲಿಂದ ಬೀಳುವುದಕ್ಕಿಂತ ಪಕ್ಕದಿಂದ ಬರುವುದು ಜಾಸ್ತಿ. ಗಾಳಿಗೆ ಛತ್ರಿ ಮಗುಚುತ್ತದೆ. ಟೋಪಿ ಇರುವ, ನೀರು ಒಳಗೆ ಇಳಿಯದ ಜಾಕೆಟ್ ತನ್ನಿ. ನಮ್ಮ ಗೊರಬು, ಕಂಬಳಿ ಕೊಪ್ಪೆ ಮಾಡುತ್ತಿದ್ದ ಕೆಲಸ ಅದು ಮಾಡುತ್ತದೆ. ಎರಡೂ ಕೈ ಖಾಲಿ ಇರುತ್ತವೆ. ಕೆಟ್ಟ ಹವಾಮಾನ ಅಂತ ಇಲ್ಲ, ಕೆಟ್ಟ ಬಟ್ಟೆ ಇದೆ ಅಷ್ಟೇ ಅಂತ ನಾರ್ವೆಯವರ ಮಾತು.

ಮನೆಯೊಳಗೆ ಬೂಷ್ಟು ಹಿಡಿಯುತ್ತದೆ ಅಂತಾರೆ, ನಿಜವಾ?

ನಿಜ. ನಾವಿದ್ದ ಮೊದಲ ಬಾಡಿಗೆ ಮನೆಯಲ್ಲಿ ಮಂಚದ ಹಿಂದಿನ ಗೋಡೆ ಡಿಸೆಂಬರ್ ಹೊತ್ತಿಗೆ ಕಪ್ಪಾಗಿತ್ತು. ಮನೆ ಮಾಲೀಕರಿಗೆ ಹೇಳಿದರೆ ಬಣ್ಣ ಹೊಡೆಸಿದರು. ತಿಂಗಳಿಗೆ ಮತ್ತೆ ಬಂತು. ಮಗಳಿಗೆ ಕೆಮ್ಮು ಶುರುವಾಯಿತು. ಕೊನೆಗೆ ಮನೆಯನ್ನೇ ಬದಲಾಯಿಸಿದೆವು. ನಮ್ಮ ಅಡುಗೆಗೆ ಕುಕ್ಕರ್, ಒಗ್ಗರಣೆ, ಕುದಿಯುವ ಸಾರು, ಎಲ್ಲದರ ಆವಿ ಜಾಸ್ತಿ. ತಣ್ಣನೆ ಗೋಡೆಗೆ ಅದು ನೀರಾಗಿ ಇಳಿಯುತ್ತದೆ. ಅಡುಗೆ ಮಾಡುವಾಗ ಫ್ಯಾನ್ ಹಾಕಿ. ಎಷ್ಟೇ ಚಳಿ ಇದ್ದರೂ ದಿನಕ್ಕೆ ಹತ್ತು ನಿಮಿಷ ಕಿಟಕಿ ತೆರೆಯಿರಿ. ಮಂಚ, ಬೀರುಗಳನ್ನು ಗೋಡೆಗೆ ಅಂಟಿಸಬೇಡಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕಬೇಡಿ.

ಅಪ್ಪ ಅಮ್ಮನನ್ನು ಯಾವ ತಿಂಗಳು ಕರೆಸಿಕೊಳ್ಳಲಿ?

ಮೇ ಮತ್ತು ಜೂನ್. ಮಳೆ ಕಡಿಮೆ, ರಾತ್ರಿ ಒಂಬತ್ತೂವರೆಗೂ ಬೆಳಕು. ನವೆಂಬರ್, ಡಿಸೆಂಬರ್ ಬೇಡ. ಮಳೆಗಿಂತ ಕತ್ತಲು ಅವರನ್ನು ಕುಗ್ಗಿಸುತ್ತದೆ. ಡಿಸೆಂಬರ್ 21ರ ಆಸುಪಾಸು ಲಂಡನ್ ಹಗಲು ಎಂಟು ಗಂಟೆಯೂ ಇಲ್ಲ, ಬರ್ಗನ್‌ನದು ಆರು ಗಂಟೆಗೂ ಕಡಿಮೆ. ಅಮ್ಮ ಬಂದದ್ದು ಮೇ ತಿಂಗಳಲ್ಲಿ. ಬಂದ ಎರಡನೇ ದಿನ ಮಧ್ಯಾಹ್ನ ಸೋನೆ ಶುರುವಾಯಿತು. ಹಿತ್ತಲ ಬಾಗಿಲಲ್ಲಿ ನಿಂತು ಅಂಗೈ ಚಾಚಿ ನೋಡಿದರು. "ಇದಕ್ಕಾ ಮಳೆ ಅನ್ನೋದು?" ಅಂದರು. ಹಾಗೇ ಚಪ್ಪಲಿ ಮೆಟ್ಟಿಕೊಂಡು, ತಲೆಗೆ ಸೆರಗು ಹೊದ್ದು, ಒಣಹಾಕಿದ್ದ ಬಟ್ಟೆ ತೆಗೆಯಲು ಹೋದರು. ಅವರು ಕೊನೆಯ ಕ್ಲಿಪ್ ತೆಗೆಯುವ ಹೊತ್ತಿಗೆ ಬಿಸಿಲು ಬಂದಿತ್ತು.